ಕುತ್ತಿಗೆಯ ತೆರೆದ ಗಾಯಗಳು: ತಿಳಿವಳಿಕೆ, ಚಿಕಿತ್ಸೆ ಮತ್ತು ಮುನ್ನೆಚ್ಚರಿಕೆ

ಪೀಠಿಕೆ
ಆಷಾಢದ ಗಾಳಿ ಬೀಸತೊಡಗಿದೊಡನೆ ಬೆಂಗಳೂರಿನಲ್ಲಿ ಗಾಳಿಪಟದ ಕಾಲ ಆರಂಭವಾಗುತ್ತದೆ. ಗಾಜಿನ ಪುಡಿ ಲೇಪಿಸಿದ ಅಥವಾ ನೈಲಾನ್‌ನಿಂದ ತಯಾರಿಸಿದ ಮಾಂಜಾ ದಾರವು ರಸ್ತೆಗೆ ಅಡ್ಡಲಾಗಿ ಇಳಿಬಿದ್ದಲ್ಲಿ ಚಲಿಸುವ ಸವಾರನ ಕಣ್ಣಿಗೆ ಅದು ಕಾಣುವುದಿಲ್ಲ. ವಾಹನದ ವೇಗವೇ ದಾರವನ್ನು ಕತ್ತಿಯಾಗಿಸುತ್ತದೆ. ಹಲಸೂರು, ಇಂದಿರಾನಗರಗಳನ್ನು ಹಾದು ಕೆ.ಆರ್. ಪುರಕ್ಕೆ ಸಾಗುವ ಹಳೆ ಮದ್ರಾಸು ರಸ್ತೆಯಂತಹ ಮಾರ್ಗಗಳಲ್ಲಿ ಹಾಗೂ ಮೇಲ್ಸೇತುವೆಗಳ ಮೇಲೆ ದ್ವಿಚಕ್ರ ವಾಹನ ಸವಾರರು ವಿಶೇಷ ಎಚ್ಚರ ವಹಿಸುವುದು ಅವಶ್ಯಕ. ಮಾಂಜಾ ಅಲ್ಲದೆ ಒಡೆದ ಗಾಜು, ಹರಿತವಾದ ಆಯುಧ, ಗುಜರಿ ಮತ್ತು ಲೋಹದ ಕೆಲಸದಲ್ಲಿ ಸಿಡಿಯುವ ಚೂರುಗಳಿಂದಲೂ ಇಂತಹ ಗಾಯಗಳಾಗುತ್ತವೆ.

ಗಾಯವು ಏಕೆ ಅಪಾಯಕಾರಿ?
ಮಿದುಳಿಗೆ ರಕ್ತ ಒಯ್ಯುವ ಅಪಧಮನಿಗಳು, ಹೃದಯಕ್ಕೆ ರಕ್ತ ಮರಳಿಸುವ ಅಭಿಧಮನಿಗಳು, ಶ್ವಾಸನಾಳ, ಧ್ವನಿಪೆಟ್ಟಿಗೆ, ಅನ್ನನಾಳ ಮತ್ತು ಬೆನ್ನುಹುರಿ ಇವೆಲ್ಲವೂ ಕುತ್ತಿಗೆಯ ಕಿರಿದಾದ ಜಾಗದಲ್ಲಿ ಒತ್ತೊತ್ತಾಗಿ ಇವೆ. ಆದ್ದರಿಂದ ಚರ್ಮದ ಮೇಲಿನ ಗಾಯದ ಗಾತ್ರವನ್ನು ನೋಡಿ ಒಳಗಿನ ಹಾನಿಯನ್ನು ಅಳೆಯಲಾಗದು. ಅಪಧಮನಿ ತುಂಡಾದಲ್ಲಿ ಕೆಲವೇ ನಿಮಿಷಗಳಲ್ಲಿ ಪ್ರಾಣಾಪಾಯ ಒದಗಬಹುದು. ಅಭಿಧಮನಿ ತೆರೆದುಕೊಂಡಲ್ಲಿ ಹೊರಗಿನ ಗಾಳಿ ಅದರೊಳಗೆ ಸೇರಿ ಹೃದಯದ ಕಾರ್ಯಕ್ಕೆ ಅಡ್ಡಿಯಾಗಬಹುದು.

ಪ್ರಥಮ ಚಿಕಿತ್ಸೆ
1. ತಕ್ಷಣ 108 ಆಂಬುಲೆನ್ಸ್‌ಗೆ ಕರೆ ಮಾಡತಕ್ಕದ್ದು. 112ಕ್ಕೂ ಕರೆ ಮಾಡಬಹುದು.
2. ಶುದ್ಧವಾದ ಬಟ್ಟೆಯನ್ನು ರಕ್ತ ಬರುವ ಸ್ಥಳದ ಮೇಲಿಟ್ಟು ಕೈಯಿಂದ ಬಲವಾಗಿ ಒತ್ತಿ ಹಿಡಿಯತಕ್ಕದ್ದು. ಬಟ್ಟೆ ನೆನೆದಲ್ಲಿ ಅದನ್ನು ತೆಗೆಯದೆ ಅದರ ಮೇಲೆಯೇ ಇನ್ನೊಂದನ್ನು ಇಟ್ಟು, ನೆರವು ಬರುವವರೆಗೂ ಒತ್ತಡವನ್ನು ಮುಂದುವರಿಸತಕ್ಕದ್ದು.
3. ಕುತ್ತಿಗೆಯ ಸುತ್ತ ಬಟ್ಟೆ ಅಥವಾ ಹಗ್ಗವನ್ನು ಬಿಗಿಯಾಗಿ ಕಟ್ಟಬಾರದು. ಎರಡೂ ಪಕ್ಕಗಳನ್ನು ಒಟ್ಟಿಗೆ ಅಥವಾ ಶ್ವಾಸನಾಳವನ್ನು ಅದುಮಬಾರದು.
4. ಚುಚ್ಚಿಕೊಂಡಿರುವ ವಸ್ತುವನ್ನು ಎಳೆದು ತೆಗೆಯಬಾರದು. ಅದು ಅಲುಗಾಡದಂತೆ ನೋಡಿಕೊಳ್ಳತಕ್ಕದ್ದು.
5. ಗಾಯಾಳುವನ್ನು ಮಲಗಿಸತಕ್ಕದ್ದು. ಬಾಯಲ್ಲಿ ರಕ್ತ ಬಂದು ಉಸಿರು ಕಟ್ಟುತ್ತಿದ್ದಲ್ಲಿ ಮುಂದಕ್ಕೆ ಬಾಗಿ ಕುಳಿತುಕೊಳ್ಳಲು ಬಿಡಬೇಕು ಅಥವಾ ಪಕ್ಕಕ್ಕೆ ಹೊರಳಿಸಬೇಕು. ವಾಹನದಿಂದ ಬಿದ್ದಿದ್ದಲ್ಲಿ ಕುತ್ತಿಗೆ ತಿರುಚದಂತೆ ಎಚ್ಚರ ವಹಿಸಬೇಕು.
6. ಉಸಿರಿನೊಂದಿಗೆ ಗಾಯದಿಂದ ನೊರೆ ಬರುತ್ತಿದ್ದಲ್ಲಿ ಗಾಳಿಯ ದಾರಿಯನ್ನು ಮುಚ್ಚಬಾರದು. ರಕ್ತ ಬರುವ ಸ್ಥಳವನ್ನು ಮಾತ್ರ ಒತ್ತಬೇಕು.
7. ಅರಿಶಿನ, ಕಾಫಿ ಪುಡಿ ಇತ್ಯಾದಿಗಳನ್ನು ಗಾಯಕ್ಕೆ ಹಚ್ಚಬಾರದು. ನೀರು, ಆಹಾರ ಕೊಡಬಾರದು.

ಆಸ್ಪತ್ರೆಯಲ್ಲಿ ಚಿಕಿತ್ಸೆ
ಶಿವಾಜಿನಗರದ ಬೌರಿಂಗ್ ಮತ್ತು ಲೇಡಿ ಕರ್ಜನ್ ಆಸ್ಪತ್ರೆ ಹಾಗೂ ಇಂದಿರಾನಗರದ ಸರ್ ಸಿ.ವಿ. ರಾಮನ್ ಸಾರ್ವಜನಿಕ ಆಸ್ಪತ್ರೆಗಳು ಈ ಭಾಗದ ಸರ್ಕಾರಿ ಆಸ್ಪತ್ರೆಗಳಾಗಿವೆ. ವೈದ್ಯರು ಮೊದಲು ಉಸಿರಾಟದ ಮಾರ್ಗವನ್ನು ಭದ್ರಪಡಿಸಿ, ರಕ್ತಸ್ರಾವವನ್ನು ನಿಯಂತ್ರಿಸುತ್ತಾರೆ. ರಕ್ತ ಚಿಮ್ಮುತ್ತಿದ್ದಲ್ಲಿ ಅಥವಾ ಊತ ಹೆಚ್ಚುತ್ತಿದ್ದಲ್ಲಿ ತಡಮಾಡದೆ ಶಸ್ತ್ರಚಿಕಿತ್ಸೆ ನಡೆಸಲಾಗುತ್ತದೆ. ಉಳಿದವರಿಗೆ ಸಿ.ಟಿ. ಸ್ಕ್ಯಾನ್ ಮೂಲಕ ರಕ್ತನಾಳಗಳನ್ನು ಪರೀಕ್ಷಿಸಲಾಗುತ್ತದೆ. ಅಗತ್ಯವಿದ್ದಲ್ಲಿ ಧನುರ್ವಾಯು ನಿರೋಧಕ ಚುಚ್ಚುಮದ್ದು ನೀಡಲಾಗುತ್ತದೆ. ಚರ್ಮದ ಕೆಳಗಿನ ತೆಳುವಾದ ಸ್ನಾಯು ಪದರವನ್ನು ದಾಟಿದ ಯಾವುದೇ ಗಾಯವನ್ನು ಒಳಗಿನ ಪರೀಕ್ಷೆಯಿಲ್ಲದೆ ಕೇವಲ ಹೊಲಿಗೆ ಹಾಕಿಸಿಕೊಂಡು ಮನೆಗೆ ಹೋಗುವುದು ಸುರಕ್ಷಿತವಲ್ಲ. ದನಿ ಒಡೆಯುವುದು, ನುಂಗಲು ಕಷ್ಟ, ಊತ, ಕೈಕಾಲುಗಳ ನಿಶ್ಶಕ್ತಿ ಕಂಡುಬಂದಲ್ಲಿ ಕೂಡಲೇ ಆಸ್ಪತ್ರೆಗೆ ಮರಳತಕ್ಕದ್ದು.

ನೆರವಾಗುವವರಿಗೆ ಕಾನೂನಿನ ರಕ್ಷಣೆ
ಪೊಲೀಸ್ ಮತ್ತು ನ್ಯಾಯಾಲಯದ ಅಲೆದಾಟಕ್ಕೆ ಅಂಜಿ ಜನರು ದೂರ ನಿಂತರೆ ಅಮೂಲ್ಯವಾದ ನಿಮಿಷಗಳು ನಷ್ಟವಾಗುತ್ತವೆ. ಈ ಅಂಜಿಕೆ ಅನಗತ್ಯ. 2019ರಲ್ಲಿ ಮೋಟಾರು ವಾಹನ ಕಾಯ್ದೆಗೆ ಸೇರಿಸಲಾದ 134ಎ ಪ್ರಕರಣವು ವಾಹನ ಅಪಘಾತದ ಗಾಯಾಳುವಿಗೆ ಸದುದ್ದೇಶದಿಂದ ನೆರವಾದವರಿಗೆ ರಕ್ಷಣೆ ನೀಡುತ್ತದೆ. 2020ರ ನಿಯಮಗಳಂತೆ, ಹೆಸರು ಮತ್ತು ವಿಳಾಸ ತಿಳಿಸುವಂತೆ ಅವರನ್ನು ಒತ್ತಾಯಿಸುವಂತಿಲ್ಲ. ಸರ್ಕಾರಿ ಅಥವಾ ಖಾಸಗಿ ಎಂಬ ಭೇದವಿಲ್ಲದೆ ಗಾಯಾಳುವಿನ ಪ್ರಾಣ ಉಳಿಸುವುದು ಪ್ರತಿಯೊಬ್ಬ ವೈದ್ಯರ ಕರ್ತವ್ಯವೆಂದು ಸರ್ವೋಚ್ಚ ನ್ಯಾಯಾಲಯವು 1989ರಲ್ಲಿಯೇ ತೀರ್ಪು ನೀಡಿದೆ.

ಮುನ್ನೆಚ್ಚರಿಕೆಗಳು
• ರಾಷ್ಟ್ರೀಯ ಹಸಿರು ನ್ಯಾಯಮಂಡಳಿಯು 2017ರ ಜುಲೈ 11ರ ಆದೇಶದಲ್ಲಿ ನೈಲಾನ್ ಹಾಗೂ ಕೃತಕ ಲೇಪನದ ಮಾಂಜಾದ ತಯಾರಿಕೆ, ಮಾರಾಟ, ದಾಸ್ತಾನು ಮತ್ತು ಬಳಕೆಯನ್ನು ದೇಶದಾದ್ಯಂತ ನಿಷೇಧಿಸಿದೆ. ಮಕ್ಕಳಿಗೆ ಲೇಪನವಿಲ್ಲದ ಹತ್ತಿಯ ದಾರವನ್ನೇ ಕೊಡಿಸುವುದು.
• ರಸ್ತೆ, ಮೇಲ್ಸೇತುವೆ ಮತ್ತು ವಿದ್ಯುತ್ ತಂತಿಗಳ ಬಳಿ ಗಾಳಿಪಟ ಹಾರಿಸಬಾರದು. ತಂತಿಗೆ ಸಿಲುಕಿದ ದಾರವನ್ನು ಎಳೆಯಬಾರದು.
• ಸವಾರರು ಹೆಲ್ಮೆಟ್ ಧರಿಸಿ, ಕುತ್ತಿಗೆಯನ್ನು ದಪ್ಪ ಬಟ್ಟೆಯಿಂದ ಮುಚ್ಚಿಕೊಂಡು, ಮಿತವಾದ ವೇಗದಲ್ಲಿ ಚಲಿಸುವುದು. ಬಟ್ಟೆಯ ತುದಿ ಚಕ್ರಕ್ಕೆ ಸಿಲುಕದಂತೆ ಒಳಗೆ ಸೇರಿಸಿಕೊಳ್ಳುವುದು. ಮಕ್ಕಳನ್ನು ವಾಹನದ ಮುಂಭಾಗದಲ್ಲಿ ನಿಲ್ಲಿಸಬಾರದು.
• ಲೋಹ ಕತ್ತರಿಸುವ ಯಂತ್ರಗಳನ್ನು ರಕ್ಷಾಕವಚವಿಲ್ಲದೆ ಬಳಸಬಾರದು.
• ತಮಗೆ ತಾವೇ ಹಾನಿ ಮಾಡಿಕೊಳ್ಳುವ ಯೋಚನೆ ಬರುತ್ತಿದ್ದಲ್ಲಿ ಅಂತಹವರು ಅಥವಾ ಅವರ ಕುಟುಂಬದವರು ಟೆಲಿ ಮನಸ್ ಉಚಿತ ಸಹಾಯವಾಣಿ 14416ಕ್ಕೆ ಯಾವುದೇ ವೇಳೆಯಲ್ಲಿ ಕರೆ ಮಾಡಬಹುದು.

ಕುತ್ತಿಗೆಯ ಗಾಯವನ್ನು ಕಟ್ಟದೆ ಕೈಯಿಂದ ಒತ್ತಿ ಹಿಡಿಯುವುದು, ಗಾಯ ಚಿಕ್ಕದೆಂದು ಕಡೆಗಣಿಸದೆ ಆಸ್ಪತ್ರೆಗೆ ಸಾಗಿಸುವುದು: ಈ ಎರಡು ಸಂಗತಿಗಳನ್ನು ಸಾರ್ವಜನಿಕರು ನೆನಪಿನಲ್ಲಿಟ್ಟು, ಮನೆಯವರಿಗೂ ತಿಳಿಸಬೇಕೆಂದು ಕೋರಲಾಗಿದೆ.