ಕಾರು ಕೋಟಿಯದಾದರೂ ಬಲ್ಬ್ ಸರಿಯಿರಲಿ

ಕೋಟಿ ಬೆಲೆಯ ಸ್ಪೋರ್ಟ್ಸ್ ಕಾರಿನ ಹೆಡ್‌ಲೈಟ್ ಬಲ್ಬ್ ಕೂಡ ಒಂದು ದಿನ ಸುಟ್ಟುಹೋಗುತ್ತದೆ. ನಮ್ಮ ದೇವನಹಳ್ಳಿ ದಾಟಿ ನಂದಿಬೆಟ್ಟದತ್ತ ಹಾರುವ ಇಂಥ ಕಾರುಗಳನ್ನು ಕಂಡಾಗ, ಬಿಇ ಓದುತ್ತಿರುವ ನನ್ನ ಕಣ್ಣು ಮೊದಲು ಹೋಗುವುದು ದೀಪದ ಕಡೆಗೇ.

ಅಂಗಡಿಯವರು ಕೊಟ್ಟದ್ದನ್ನೆಲ್ಲ ಹಾಕಿಸಿಕೊಳ್ಳಲಾಗದು. ಹ್ಯಾಲೊಜೆನ್ ಬಲ್ಬ್ ಎಚ್‌4ರಲ್ಲಿ ಎರಡು ಫಿಲಮೆಂಟ್, ಎಚ್‌7ರಲ್ಲಿ ಒಂದೇ. ಕ್ಸೆನಾನ್‌ನ ಡಿ1ಎಸ್, ಡಿ3ಎಸ್ ಅವಳಿಗಳಂತೆ ಕಂಡರೂ ಮೊದಲನೆಯದಕ್ಕೆ 85 ವೋಲ್ಟ್, ಪಾದರಸವಿಲ್ಲದ ಎರಡನೆಯದಕ್ಕೆ 42 ವೋಲ್ಟ್. ಒಂದರ ಜಾಗಕ್ಕೆ ಇನ್ನೊಂದು ಆಗಿಬರದು. ಹಳೆಯ ಬಲ್ಬ್‌ನ ಬುಡದಲ್ಲಿರುವ ಸಂಕೇತ, ಕಾರಿನ ಕೈಪಿಡಿ ಎರಡನ್ನೂ ನೋಡಿಯೇ ಕೊಳ್ಳಬೇಕು. ಗಾಜನ್ನು ಬರಿಗೈಯಲ್ಲಿ ಮುಟ್ಟಬೇಡಿ. ಬೆರಳಿನ ಜಿಡ್ಡು ತಾಗಿದರೆ ಬಲ್ಬ್ ಬೇಗ ಹಾಳಾಗುತ್ತದೆ.

ಹ್ಯಾಲೊಜೆನ್‌ಗೆಂದೇ ಮಾಡಿದ ರಿಫ್ಲೆಕ್ಟರ್‌ಗೆ ಎಲ್‌ಇಡಿ ತುರುಕಿದರೆ ಬೆಳಕು ಚದುರಿ ಎದುರಿನವರ ಕಣ್ಣು ಕುಕ್ಕುತ್ತದೆ. ಕಣ್ಣು ಕೋರೈಸುವ ಹೆಡ್‌ಲೈಟ್‌ಗಳ ವಿರುದ್ಧ ರಾಜ್ಯದ ಪೊಲೀಸರು 2024ರ ಜುಲೈನಲ್ಲೇ ಕಾರ್ಯಾಚರಣೆ ಶುರು ಮಾಡಿದ್ದಾರೆ.

ದಂಡದ ಮಾತು ಬಿಡಿ. ನಸುಕಿನಲ್ಲಿ ಬೈಕಿಗೆ ಹಾಲಿನ ಕ್ಯಾನ್ ಕಟ್ಟಿಕೊಂಡು ಡೇರಿಗೆ ಹೊರಟ ರೈತನಿಗೆ ಎರಡೇ ಕ್ಷಣ ರಸ್ತೆ ಕಾಣದಿದ್ದರೂ ಸಾಕು, ಒಂದು ಮನೆಯ ದೀಪವೇ ಆರಿಹೋದೀತು.