ಗಾಳಿ ಕಾಯುವ ದೀಪ

ಸಂಕ್ರಾಂತಿಯ ಮರುದಿನ. ಪೀಣ್ಯದ ಕಾರ್ಖಾನೆಗಳಲ್ಲಿ ರಾತ್ರಿ ಪಾಳಿ ಮುಗಿಸಿದವರು ಮನೆಗೆ ಮರಳುವ ಹೊತ್ತು. ಚಳಿ ಇನ್ನೂ ಬಿಟ್ಟಿರಲಿಲ್ಲ. ನಮ್ಮ ಬೀದಿಯಲ್ಲಿ ಹುಲಿ ಗುರುಗುಟ್ಟಿದಂತೆ ಸದ್ದಾಯಿತು. ಹೊರಗೆ ಬಂದು ನೋಡಿದರೆ, ನೆಲಕ್ಕೆ ಅಂಟಿಕೊಂಡಂತೆ ತಗ್ಗಾಗಿದ್ದ ಕೆಂಪು ಬಣ್ಣದ ಸ್ಪೋರ್ಟ್ಸ್ ಕಾರೊಂದು ಬಾಗಿಲಲ್ಲಿ ನಿಂತಿತ್ತು. ಅದರೊಳಗಿಂದ ಸೊಂಟ ಹಿಡಿದುಕೊಂಡು ಮೆಲ್ಲಗೆ ಇಳಿದವಳು ನಮ್ಮ ಅಕ್ಕ. ಕೈಯಲ್ಲಿ ಎಳ್ಳು ಬೆಲ್ಲದ ಡಬ್ಬಿ. ಓಡಿಸಿಕೊಂಡು ಬಂದವನು ಅವಳ ಮಗ, ಎಲೆಕ್ಟ್ರಾನಿಕ್ ಸಿಟಿಯಲ್ಲಿ ಕೆಲಸದಲ್ಲಿರುವ ನನ್ನ ಸೋದರಳಿಯ. ಎಂಟು ವರ್ಷ ಹಳೆಯದಾದ ಆ ವಾಹನವನ್ನು ಅವನು ಹಿಂದಿನ ವರ್ಷವಷ್ಟೇ ಕೊಂಡಿದ್ದ.

ಎಲೆಕ್ಟ್ರಾನಿಕ್ ಸಿಟಿಯ ಬಳಿ ನೈಸ್ ರಸ್ತೆ ಹಿಡಿದು ತುಮಕೂರು ರಸ್ತೆಗೆ ಬರುವ ಸುಮಾರು 40 ಕಿಲೋಮೀಟರನ್ನು ಅರ್ಧ ಗಂಟೆಯಲ್ಲೇ ಕ್ರಮಿಸಿದೆನೆಂದು ಅವನು ಹೆಮ್ಮೆಯಿಂದ ಹೇಳಿದ. ನಮ್ಮಲ್ಲಿ ಊಟ ಮುಗಿಸಿ, ತಾಯಿಯನ್ನು ತುಮಕೂರಿನ ನೆಂಟರ ಮನೆಗೆ ಕರೆದೊಯ್ಯುವುದು ಅವನ ಯೋಜನೆ.

ಹೊರಡುವ ಮುಂಚೆ, "ಮಾವ, ಒಂದು ಸಲ ಕೂತು ನೋಡಿ" ಎಂದ. ಕನ್ನಡ ಪಾಠ ಹೇಳುವವನಿಗೆ ಇಂಥ ಆಸನ ಸಿಗುವುದು ಅಪರೂಪ. ಕುಳಿತೆ. ಮುಂದಿನ ಫಲಕದ ಮೂಲೆಯಲ್ಲಿ ಉಗುರಿನಷ್ಟಗಲದ ಕಪ್ಪು ಟೇಪಿನ ತುಂಡು ಅಂಟಿತ್ತು.

"ಇದೇನಪ್ಪಾ, ದೃಷ್ಟಿಬೊಟ್ಟೇ?" ಎಂದು ಕೇಳಿದೆ.

"ಅಲ್ಲ ಮಾವ. ಅಲ್ಲೊಂದು ದೀಪ ಇದೆ. ಟೈರಿನ ಗಾಳಿ ಕಡಿಮೆ ಎಂದು ಹೇಳುವ ದೀಪ. ಒಂದು ತಿಂಗಳಿಂದ ಸುಮ್ಮಸುಮ್ಮನೆ ಉರಿಯುತ್ತದೆ. ಸೆನ್ಸರ್ ಕೆಟ್ಟಿರಬೇಕು. ಕಣ್ಣಿಗೆ ಕಿರಿಕಿರಿ ಎಂದು ಮುಚ್ಚಿದ್ದೇನೆ."

ಟೇಪನ್ನು ಕಿತ್ತೆ. ಕುದುರೆಯ ಲಾಳದಂಥ ಆಕೃತಿ, ನಡುವೆ ಆಶ್ಚರ್ಯಸೂಚಕ ಚಿಹ್ನೆ, ಹಳದಿ ಬಣ್ಣ. ವ್ಯಾಕರಣದಲ್ಲಿ ಆ ಚಿಹ್ನೆಯನ್ನು ಯಾವಾಗ ಹಾಕಬೇಕೆಂದು ಮಕ್ಕಳಿಗೆ ಹೇಳಿಕೊಡುವವನು ನಾನು. ಸುಮ್ಮಸುಮ್ಮನೆ ಹಾಕಬಾರದೆಂದೂ ಹೇಳಿಕೊಡುತ್ತೇನೆ. ನನಗೇಕೋ ಸಮಾಧಾನವಾಗಲಿಲ್ಲ.

ಕಣ್ಣಿಗೆ ಕಾಣದ ಕೊರತೆ

ನನ್ನ ಹಳೆಯ ಕಾರಿಗೆಂದು ಕೊಂಡಿಟ್ಟಿದ್ದ, ಪೆನ್ನಿನ ಗಾತ್ರದ ಗಾಳಿಮಾಪಕವೊಂದು ಮನೆಯಲ್ಲಿತ್ತು. ಅದನ್ನು ತಂದೆ. ಅಳಿಯ ನಕ್ಕ; "ನೋಡಿದರೇ ಗೊತ್ತಾಗುವುದಿಲ್ಲವೇ ಮಾವ, ನಾಲ್ಕೂ ಒಂದೇ ರೀತಿ ಇವೆ" ಎಂದ. ನಿಜ, ನಾಲ್ಕೂ ಒಂದೇ ರೀತಿ ಕಾಣುತ್ತಿದ್ದವು. "ಪ್ರತ್ಯಕ್ಷ ಕಂಡರೂ ಪ್ರಮಾಣಿಸಿ ನೋಡು" ಎಂದು ನಮ್ಮ ಹಿರಿಯರು ಸುಮ್ಮನೆ ಹೇಳಲಿಲ್ಲ. ಬಾಗಿಲಿನ ಕಂಬಕ್ಕೆ ಅಂಟಿಸಿದ್ದ ಚೀಟಿಯ ಪ್ರಕಾರ ಮುಂದಿನ ಚಕ್ರಗಳಿಗೆ 33, ಹಿಂದಿನವಕ್ಕೆ 36 ಪೌಂಡು ಇರಬೇಕು. ಪೌಂಡು ಎಂದರೆ ಒಂದು ಚದರ ಅಂಗುಲದ ಮೇಲೆ ಅಷ್ಟು ಪೌಂಡಿನ ಒತ್ತಡ. ಮುಂದಿನ ಎರಡೂ 31 ತೋರಿಸಿದವು. ಹಿಂದಿನ ಬಲಗಡೆಯದು 34. ಹಿಂದಿನ ಎಡಗಡೆಯದು 19. ನಂಬಲಾರದೆ ಮೂರು ಸಲ ಅಳೆದೆ; ಮೂರು ಸಲವೂ 19.

ಅಕ್ಕ ಕುಳಿತು ಬಂದದ್ದು ಆ ಚಕ್ರದ ಬದಿಯಲ್ಲಿ.

ಈ ಕೊರತೆ ಕಣ್ಣಿಗೆ ಏಕೆ ಕಾಣಲಿಲ್ಲ? ಸಾಧಾರಣ ಕಾರಿನ ಟೈರಿಗೆ ಪಕ್ಕದ ಗೋಡೆ ಎತ್ತರ. ಗಾಳಿ ತಗ್ಗಿದರೆ ಅದು ಕೆಳಗೆ ಉಬ್ಬಿ, ಬಸವಳಿದಂತೆ ಕಾಣುತ್ತದೆ. ಸ್ಪೋರ್ಟ್ಸ್ ಕಾರಿನ ಚಕ್ರದಲ್ಲಿ ಲೋಹದ ಭಾಗವೇ ಹೆಚ್ಚು. ಟೈರು ಅದರ ಸುತ್ತ ಸುತ್ತಿದ ಗಟ್ಟಿ ಪಟ್ಟಿಯಂತೆ. ತಿರುವುಗಳಲ್ಲಿ ಬಳುಕಬಾರದೆಂದು ಗೋಡೆಯನ್ನು ಗಿಡ್ಡವಾಗಿಯೂ ಬಿರುಸಾಗಿಯೂ ಮಾಡಿರುತ್ತಾರೆ. ಹೀಗಾಗಿ ಅರ್ಧದಷ್ಟು ಒತ್ತಡ ಇಳಿದರೂ ಮೇಲುನೋಟಕ್ಕೆ ತಿಳಿಯುವುದು ಕಷ್ಟ. ಅತಿವೇಗದ ವಾಹನದಲ್ಲಿಯೇ ಅಪಾಯ ಹೆಚ್ಚು, ಅದರಲ್ಲಿಯೇ ಅದು ಕಾಣುವುದು ಕಡಿಮೆ.

ವಾಹನದ ಭಾರವನ್ನು ಹೊರುವುದು ಬಹುಮಟ್ಟಿಗೆ ರಬ್ಬರಲ್ಲ, ಅದರೊಳಗೆ ಸೆರೆಯಾದ ಗಾಳಿ. ಗಾಳಿ ಕಡಿಮೆಯಾದರೆ ಆ ಹೊರೆ ಪಕ್ಕದ ಗೋಡೆಯ ಮೇಲೆ ಬೀಳುತ್ತದೆ. ಚಕ್ರ ಒಂದು ಸುತ್ತು ತಿರುಗಿದಾಗಲೆಲ್ಲ ಗೋಡೆ ಮಡಿಚಿ ಬಿಚ್ಚಿಕೊಳ್ಳುತ್ತದೆ. ತಂತಿಯನ್ನು ಹಿಂದಕ್ಕೂ ಮುಂದಕ್ಕೂ ಬಗ್ಗಿಸಿದರೆ ಬಿಸಿಯಾಗುವಂತೆ ರಬ್ಬರೂ ಬಿಸಿಯಾಗುತ್ತದೆ. ವೇಗ ಹೆಚ್ಚಿದಷ್ಟೂ ಬಿಸಿ ಹೆಚ್ಚು. ಕೊನೆಗೆ ಪದರಗಳು ಬಿಡಿಸಿಕೊಂಡು ಟೈರು ಸಿಡಿಯುವುದೂ ಉಂಟು.

ದೀಪ ಹುಟ್ಟಿದ ಕಥೆ

ಗಾಳಿ ತುಂಬಿದ ಚಕ್ರಕ್ಕೆ ರಾಬರ್ಟ್ ವಿಲಿಯಂ ಥಾಮ್ಸನ್ ಎಂಬಾತ 1845ರಲ್ಲಿಯೇ ಪೇಟೆಂಟು ಪಡೆದಿದ್ದ. ಅದು ಬಳಕೆಗೆ ಬಂದದ್ದು 1888ರಲ್ಲಿ, ಬೆಲ್‌ಫಾಸ್ಟ್ ನಗರದ ಪಶುವೈದ್ಯ ಜಾನ್ ಬಾಯ್ಡ್ ಡನ್‌ಲಪ್ ತನ್ನ ಮಗನ ಮೂರು ಚಕ್ರದ ಸೈಕಲ್ಲಿಗೆ ಅಂಥ ಟೈರು ಮಾಡಿದ ಮೇಲೆ. ಆದರೆ ಒಳಗಿನ ಗಾಳಿಯನ್ನು ಓಡುತ್ತಿರುವಾಗಲೇ ಕಾಯುವ ಏರ್ಪಾಡು ಪ್ರಯಾಣಿಕರ ಕಾರಿಗೆ ಬರಲು ಸುಮಾರು ನೂರು ವರ್ಷ ಹಿಡಿಯಿತು. 1986ರಲ್ಲಿ ಅದನ್ನು ಮೊದಲು ಧರಿಸಿದ್ದು ಪೋರ್ಷೆ 959 ಎಂಬ ಸ್ಪೋರ್ಟ್ಸ್ ಕಾರು.

ಶ್ರೀಮಂತರ ವಾಹನದ ಈ ಒಡವೆ ಸಾಮಾನ್ಯರ ಹಕ್ಕಾದದ್ದು ಒಂದು ದುರಂತದಿಂದ. 2000ನೆಯ ಇಸವಿಯಲ್ಲಿ ಅಮೆರಿಕದಲ್ಲಿ ಫೈರ್‌ಸ್ಟೋನ್ ಟೈರುಗಳು ಓಡುತ್ತಲೇ ಪದರ ಕಳಚಿಕೊಂಡು, ಅವುಗಳನ್ನು ತೊಡಿಸಿದ್ದ ಫೋರ್ಡ್ ಎಕ್ಸ್‌ಪ್ಲೋರರ್ ಕಾರುಗಳು ಉರುಳಿದ ಅಪಘಾತಗಳು ದೊಡ್ಡ ಸುದ್ದಿಯಾದವು. ಸುಮಾರು 65 ಲಕ್ಷ ಟೈರುಗಳನ್ನು ಹಿಂದಕ್ಕೆ ಕರೆಸಬೇಕಾಯಿತು. ಅದೇ ನವೆಂಬರಿನಲ್ಲಿ ಅಲ್ಲಿ ಕಾನೂನು ಬಂದಿತು. 2007ರ ಸೆಪ್ಟೆಂಬರಿನಿಂದ ಹೊಸ ಕಾರುಗಳಿಗೆಲ್ಲ ಈ ದೀಪ ಕಡ್ಡಾಯವಾಯಿತು. ನಿಗದಿಯ ಒತ್ತಡಕ್ಕಿಂತ ಶೇಕಡಾ 25ರಷ್ಟು ಇಳಿದರೆ ದೀಪ ಉರಿಯಲೇಬೇಕೆಂಬುದು ಅಲ್ಲಿಯ ನಿಯಮ. ಯುರೋಪಿನ ಒಕ್ಕೂಟದಲ್ಲಿ 2014ರ ನವೆಂಬರಿನಿಂದ ಹೊಸ ಕಾರುಗಳಿಗೆಲ್ಲ ಕಡ್ಡಾಯ. ನಮ್ಮ ದೇಶದಲ್ಲಿ 2020ರಲ್ಲಿ ಕೇಂದ್ರ ಮೋಟಾರು ವಾಹನ ನಿಯಮಗಳಿಗೆ ತಿದ್ದುಪಡಿಯಾಯಿತು: ಟ್ಯೂಬಿಲ್ಲದ ಟೈರು, ರಿಪೇರಿ ಸಾಮಾನಿನ ಪೆಟ್ಟಿಗೆ ಮತ್ತು ಈ ಕಾವಲು ವ್ಯವಸ್ಥೆ ಇರುವ ಕಾರುಗಳಿಗೆ ಸ್ಟೆಪ್ನಿ ಇರಲೇಬೇಕೆಂದಿಲ್ಲ. ಎಂದರೆ, ಐದನೆಯ ಚಕ್ರದ ಜಾಗಕ್ಕೆ ಒಂದು ದೀಪ ಬಂದು ಕುಳಿತಿದೆ. ಆ ದೀಪಕ್ಕೇ ಟೇಪು ಅಂಟಿಸಿದರೆ ಉಳಿಯುವುದೇನು?

ಎರಡು ಬಗೆಯ ಕಾವಲುಗಾರರು

ಈ ಕಾವಲಿನಲ್ಲಿ ಎರಡು ಪದ್ಧತಿಗಳಿವೆ. ಒಂದರಲ್ಲಿ ಪ್ರತಿ ಚಕ್ರದ ಒಳಗೆ, ಸಾಮಾನ್ಯವಾಗಿ ಗಾಳಿ ತುಂಬುವ ವಾಲ್ವಿನ ಬುಡದಲ್ಲಿ, ಒಂದು ಪುಟ್ಟ ಸೆನ್ಸರ್ ಇರುತ್ತದೆ. ಅದು ಒತ್ತಡವನ್ನೂ ಉಷ್ಣತೆಯನ್ನೂ ಅಳೆದು, ತನ್ನದೇ ಆದ ಗುರುತಿನ ಸಂಖ್ಯೆಯೊಂದಿಗೆ ರೇಡಿಯೋ ಮೂಲಕ ಕಾರಿಗೆ ತಿಳಿಸುತ್ತದೆ. ಅದರ ಪುಟ್ಟ ಬ್ಯಾಟರಿಯನ್ನು ಒಳಗೇ ಭದ್ರಪಡಿಸಿರುತ್ತಾರೆ, ಬದಲಿಸಲು ಬರುವುದಿಲ್ಲ. ಐದರಿಂದ ಹತ್ತು ವರ್ಷಗಳಲ್ಲಿ ಅದರ ಆಯುಸ್ಸು ತೀರುತ್ತದೆ.

ಎರಡನೆಯ ಪದ್ಧತಿಯಲ್ಲಿ ಒಳಗೆ ಏನೂ ಇಲ್ಲ. ಗಾಳಿ ಇಳಿದ ಚಕ್ರದ ಸುತ್ತಳತೆ ತುಸು ಕುಗ್ಗುವುದರಿಂದ ಅದು ಉಳಿದವಕ್ಕಿಂತ ಕೊಂಚ ಬೇಗ ತಿರುಗುತ್ತದೆ. ಬ್ರೇಕಿನ ಸಲುವಾಗಿ ಚಕ್ರದ ವೇಗವನ್ನು ಎಣಿಸುತ್ತಿರುವ ಯಂತ್ರ ಆ ವ್ಯತ್ಯಾಸವನ್ನು ಪತ್ತೆ ಮಾಡುತ್ತದೆ. ಇಂಥ ಕಾರುಗಳಲ್ಲಿ "ರೀಸೆಟ್" ಗುಂಡಿಯಿರುತ್ತದೆ. ದೀಪ ಉರಿದ ಕೂಡಲೇ ಅದನ್ನು ಒತ್ತಿ ನೆಮ್ಮದಿ ಪಡುವವರಿದ್ದಾರೆ. ಆ ಗುಂಡಿಯ ಅರ್ಥ "ಈಗಿರುವುದೇ ಸರಿ, ಇದನ್ನೇ ನೆನಪಿಟ್ಟುಕೋ" ಎಂದು. ಗಾಳಿ ತುಂಬದೆ ಒತ್ತಿದರೆ ಕಾವಲುಗಾರನಿಗೆ ನಾವೇ ತಪ್ಪು ಪಾಠ ಕಲಿಸಿದಂತೆ.

ಇನ್ನು ದೀಪದ ಭಾಷೆ. ಇದನ್ನು ಮನೆಯವರೆಲ್ಲ ತಿಳಿದಿರಬೇಕು. ಕಾರು ಚಾಲೂ ಮಾಡಿದಾಗ ದೀಪ ಕ್ಷಣಕಾಲ ಉರಿದು ಆರಿದರೆ ಎಲ್ಲ ಕ್ಷೇಮ. ಆರದೆ ಸ್ಥಿರವಾಗಿ ಉರಿಯುತ್ತಿದ್ದರೆ ಯಾವುದೋ ಚಕ್ರದಲ್ಲಿ ಗಾಳಿ ಕಡಿಮೆ. ಒಂದು ನಿಮಿಷದಷ್ಟು ಮಿಣುಕಿ ಆಮೇಲೆ ಸ್ಥಿರವಾಗಿ ನಿಂತರೆ, ಅನೇಕ ಕಾರುಗಳಲ್ಲಿ ಅದರ ಅರ್ಥ ಬೇರೆ: "ನನಗೇ ಕಾಯಿಲೆ, ನಾನು ಕಾಯಲಾರೆ."

ಚಳಿಗಾಲದ ಬೆಳಿಗ್ಗೆ ಉರಿದು ನಾಲ್ಕಾರು ಮೈಲಿ ಓಡಿದ ಮೇಲೆ ಆರುವುದೂ ಉಂಟು. ಏಪ್ರಿಲಿನ ಮಧ್ಯಾಹ್ನ 35 ಡಿಗ್ರಿ ಸೆಲ್ಸಿಯಸ್ ಸೆಖೆಯಲ್ಲಿ 33 ಪೌಂಡು ಹೊಡೆಸಿದ ಟೈರು, ಲವಲೇಶವೂ ಸೋರದಿದ್ದರೂ, ಜನವರಿಯ ಬೆಳಗಿನ 15 ಡಿಗ್ರಿಯಲ್ಲಿ ಸುಮಾರು 30 ತೋರಿಸುತ್ತದೆ. ಒಳ್ಳೆಯ ಟೈರಿನಿಂದಲೂ ತಿಂಗಳಿಗೆ ಒಂದು ಪೌಂಡಿನಷ್ಟು ಗಾಳಿ ತಾನಾಗಿ ಹೋಗುತ್ತದೆ. ಇವೆರಡೂ ಸೇರಿದರೆ ದೀಪ ಉರಿಯುವುದು ಸಹಜ. ಓಡಿದ ಬಿಸಿಗೆ ಆರಿತೆಂದು ಮರೆಯಬಾರದು, ಗಾಳಿ ಹೊಡೆಸಬೇಕು.

ಪಂಕ್ಚರ್ ಅಂಗಡಿಯ ತೀರ್ಪು

ನಮ್ಮ ಬೀದಿಯ ತುದಿಯಲ್ಲೊಂದು ಪಂಕ್ಚರ್ ಅಂಗಡಿ. ಅದರ ಮುದುಕರನ್ನು ಮನೆಗೇ ಕರೆತಂದೆವು. ಕಾರನ್ನು ಜಾಕಿಯ ಮೇಲೆತ್ತಿ, ಚಕ್ರಕ್ಕೆ ಗಾಳಿ ತುಂಬಿಸಿ, ಸಾಬೂನು ನೀರು ಸುರಿದರು. ಒಂದೆಡೆ ಸಣ್ಣ ಗುಳ್ಳೆಗಳು ಎದ್ದವು. ತಲೆ ಸವೆದ ಒಂದು ಮೊಳೆ. ಬೆಂಗಳೂರಿನ ಹೊರವರ್ತುಲ ರಸ್ತೆಯಲ್ಲಿ ಎಂಜಿನಿಯರೊಬ್ಬರು ಪ್ರತಿದಿನ ಕಚೇರಿಗೆ ಹೋಗುವಾಗ ಅಯಸ್ಕಾಂತ ಹಿಡಿದು ಇಂಥ ಮೊಳೆಗಳನ್ನು ಹತ್ತಾರು ಕಿಲೋ ಆರಿಸಿದ ಸುದ್ದಿಯನ್ನು ಓದುಗರು ಪತ್ರಿಕೆಗಳಲ್ಲಿ ಕಂಡಿರಬಹುದು.

"ಹಾಗಾದರೆ ದೀಪ ಹೇಳಿದ್ದು ನಿಜವೇ?" ಎಂದ ಅಳಿಯ. ಅವನು ಮೊದಲು ಕಂಡಾಗ ಅದು ಮಿಣುಕಿ ನಿಂತಿತ್ತಂತೆ, ಅದನ್ನು ಕೇಳಿ ಮುದುಕರು ಅಂದರು: "ದೀಪ ಕೆಟ್ಟಿದ್ದೂ ನಿಜ ಇರಬಹುದು ಸ್ವಾಮಿ. ದೀಪ ಕೆಟ್ಟಿದೆ ಅಂತ ಟೈರು ಕೆಡಬಾರದು ಅಂತ ಯಾರು ಹೇಳಿದರು?"

ಅವರ ಮಾತು ಅಕ್ಷರಶಃ ಸತ್ಯವಾಯಿತು. ಮರುದಿನ ಗ್ಯಾರೇಜಿನಲ್ಲಿ ಕೈಯಲ್ಲಿ ಹಿಡಿಯುವ ಯಂತ್ರವೊಂದನ್ನು ಪ್ರತಿ ಚಕ್ರದ ವಾಲ್ವಿನ ಬಳಿ ಹಿಡಿದರು. ಅದು ನಿದ್ರಿಸುವ ಸೆನ್ಸರನ್ನು ಎಬ್ಬಿಸಿ ಮಾತನಾಡಿಸುತ್ತದೆ. ಮೂರು ಉತ್ತರ ಕೊಟ್ಟವು. ಮುಂದಿನ ಬಲಗಡೆಯದು ಮೌನ. ಅದರ ಬ್ಯಾಟರಿ ತೀರಿತ್ತು. ಒಂದು ತಿಂಗಳಿಂದ ದೀಪ ಉರಿಯುತ್ತಿದ್ದುದು ಆ ಚಕ್ರದ ಸಲುವಾಗಿ. ಮೊಳೆ ಹೊಕ್ಕದ್ದು ಬೇರೊಂದು ಚಕ್ರಕ್ಕೆ, ಬಹುಶಃ ಈಚೆಗೆ. ಆದರೆ ಆಗಲೇ ಉರಿಯುತ್ತಿದ್ದ ದೀಪ ಮತ್ತೆ ಹೇಗೆ ಉರಿದೀತು? ಹಳೆಯ ದೂರಿನ ಹಿಂದೆ ಹೊಸ ದೂರು ಅಡಗಿ ಕುಳಿತಿತ್ತು. "ಹುಲಿ ಬಂತು ಹುಲಿ" ಎಂದು ಹುಡುಗ ಕೂಗಿದ ಕಥೆ ನಮಗೆಲ್ಲ ತಿಳಿದದ್ದೇ. ಇಲ್ಲಿ ಹುಡುಗ ಸುಳ್ಳು ಹೇಳಿರಲೂ ಇಲ್ಲ, ತನ್ನ ಗಂಟಲು ಕೆಟ್ಟಿದೆಯೆಂದಷ್ಟೇ ಹೇಳಿದ್ದ.

ಮುದುಕರು ಮೊಳೆ ಕಿತ್ತು ತೂತು ಮುಚ್ಚಿ ಕಳಿಸಬಹುದಿತ್ತು. ಹಾಗೆ ಮಾಡಲಿಲ್ಲ. ಸೆನ್ಸರಿಗೆ ಪೆಟ್ಟಾಗದಂತೆ ವಾಲ್ವಿನಿಂದ ದೂರಕ್ಕೆ ಸಲಾಕೆ ಹಾಕಿ ಟೈರನ್ನು ಬಿಚ್ಚಿ, ಒಳಗೆ ಕೈಯಾಡಿಸಿ, ಅಂಗೈಯನ್ನು ನಮ್ಮ ಮುಂದೆ ಹಿಡಿದರು. ಕಾಡಿಗೆಯಂಥ ಕರಿಯ ಪುಡಿ. ಮಡಿಚಿ ಮಡಿಚಿ ಗೋಡೆಯ ಒಳಮೈ ಅರೆದುಹೋಗಿತ್ತು. "ಇದಕ್ಕೆ ಪ್ಯಾಚು ಹಾಕಲ್ಲ. ಹಾಕಿದರೆ ಪಾಪ ನನಗೆ" ಎಂದರು.

ಅಳಿಯ ಬಹಳ ಹೊತ್ತು ಆ ಪುಡಿಯನ್ನೇ ನೋಡುತ್ತ ನಿಂತಿದ್ದ. ತುಮಕೂರಿಗೆ ಇನ್ನೂ ಸುಮಾರು 60 ಕಿಲೋಮೀಟರ್ ದಾರಿ, ಹೆದ್ದಾರಿಯ ವೇಗ, ಎಡಗಡೆ ತಾಯಿ. ಅವನು ಏನನ್ನೂ ಹೇಳಲಿಲ್ಲ, ನಾವೂ ಹೇಳಲಿಲ್ಲ. ಅಕ್ಕ ಮಾತ್ರ, "ಸ್ಟೆಪ್ನಿ ಹಾಕೋ" ಎಂದಳು. ಇಲ್ಲವೆಂದು ತಿಳಿದು, "ಇಷ್ಟು ದುಡ್ಡು ಕೊಟ್ಟು ನಾಲ್ಕೇ ಚಕ್ರ ತಂದೆಯಾ?" ಎಂದು ಬಸ್ಸಿಗೆ ಹೊರಟಳು.

ಮನೆಯಲ್ಲಿ ಮಾಡಬಹುದಾದ್ದು

ತಿಂಗಳಿಗೊಮ್ಮೆ, ಕಾರು ಮೂರು ಗಂಟೆಯಾದರೂ ನಿಂತಿದ್ದು ತಣ್ಣಗಿರುವಾಗ, ನಾಲ್ಕು ಚಕ್ರಗಳನ್ನೂ ಮಾಪಕದಿಂದ ಅಳೆಯಿರಿ. ಎಷ್ಟಿರಬೇಕೆಂಬುದನ್ನು ಬಾಗಿಲಿನ ಕಂಬದ ಚೀಟಿಯಲ್ಲಿ ನೋಡಿ; ಟೈರಿನ ಮೇಲೆ ಅಚ್ಚಾದ ಸಂಖ್ಯೆ ಅದು ತಾಳಬಲ್ಲ ಪರಮಾವಧಿಯೇ ಹೊರತು ತುಂಬಬೇಕಾದ ಅಳತೆಯಲ್ಲ. ಓಡಿ ಬಿಸಿಯಾದ ಟೈರು ಹೆಚ್ಚು ತೋರಿಸಿತೆಂದು ಗಾಳಿ ಬಿಡಬೇಡಿ. ತುಂಬಿಸಿದ ಚಕ್ರ ಕೆಲವು ದಿನಗಳಲ್ಲಿ ಮತ್ತೆ ಇಳಿದರೆ ಮೊಳೆಯನ್ನೋ ವಾಲ್ವನ್ನೋ ಶಂಕಿಸಿ. ದೀಪ ಮಿಣುಕಿ ನಿಂತರೆ ಸೆನ್ಸರನ್ನು ಪರೀಕ್ಷಿಸಿ. ಅದು ಸರಿಹೋಗುವವರೆಗೆ ಮಾಪಕವೇ ನಿಮ್ಮ ದೀಪ. ಹೊಸ ಸೆನ್ಸರ್ ಹಾಕಿಸಿದರೆ ಅದರ ಗುರುತನ್ನು ಕಾರಿಗೆ ಪರಿಚಯ ಮಾಡಿಸಿದರಲ್ಲವೇ ಎಂದು ಕೇಳಿ.

ವೈಟ್‌ಫೀಲ್ಡ್, ಎಲೆಕ್ಟ್ರಾನಿಕ್ ಸಿಟಿಗಳ ಕಚೇರಿಗಳಲ್ಲಿ ಕುಳಿತು ಜಗತ್ತಿನ ಮೋಟಾರುಗಳಿಗೆ ಪ್ರೋಗ್ರಾಂ ಬರೆಯುವ ತರುಣರು ನಮ್ಮ ಮನೆಗಳವರೇ. ಯಂತ್ರಕ್ಕೆ ಎಚ್ಚರಿಸಲು ಕಲಿಸುವ ಜಾಣ್ಮೆ ನಮ್ಮಲ್ಲಿದೆ. ಎಚ್ಚರಿಸಿದಾಗ ಎದ್ದು ನೋಡುವ ಅಭ್ಯಾಸ ಮಾತ್ರ ಇನ್ನೂ ಬರಬೇಕು.

ಹದಿನೈದು ದಿನಗಳ ಮೇಲೆ ಅಳಿಯ ಮತ್ತೆ ಬಂದ. ಎರಡು ಹೊಸ ಟೈರು, ಒಂದು ಹೊಸ ಸೆನ್ಸರ್. "ನೋಡಿ ಮಾವ" ಎಂದು ಕಾರು ಚಾಲೂ ಮಾಡಿದ. ಹಳದಿ ದೀಪ ಒಂದು ಕ್ಷಣ ಉರಿಯಿತು, ಆರಿತು. ಅವನು ಜೇಬಿನಿಂದ ಪೆನ್ನಿನಂಥ ಮಾಪಕವನ್ನು ತೆಗೆದು, ಕೆಳಗಿಳಿದು, ಆದರೂ ನಾಲ್ಕು ಚಕ್ರಗಳನ್ನೂ ಒಂದೊಂದಾಗಿ ಅಳೆದ.