ನಿಮಗಿದು ಗೊತ್ತೆ? ಹಡಗಿನ ಗಾಲಾ ಊಟಕ್ಕೆ ಸೀರೆಯೂ ಸೈ

ಕ್ಯುನಾರ್ಡ್ ಕಂಪನಿಯ ‘ಕ್ವೀನ್ ಮೇರಿ 2’ ಹಡಗಿಗೆ ಸೌತಾಂಪ್ಟನ್‌ನಿಂದ ನ್ಯೂಯಾರ್ಕ್ ತಲುಪಲು ಸಾಮಾನ್ಯವಾಗಿ 7 ರಾತ್ರಿ ಬೇಕು. ಅವುಗಳಲ್ಲಿ ಕೆಲವು ‘ಗಾಲಾ’ ರಾತ್ರಿಗಳು. ಆ ದಿನ ಸಂಜೆ 6ರ ನಂತರ ಗಂಡಸರಿಗೆ ಡಿನ್ನರ್ ಜಾಕೆಟ್ ಅಥವಾ ಗಾಢ ಬಣ್ಣದ ಸೂಟು, ಕೊರಳಿಗೆ ಬೋ ಇಲ್ಲವೇ ಟೈ; ಹೆಂಗಸರಿಗೆ ಈವ್ನಿಂಗ್ ಗೌನು. ಹಾಗೆಂದು ಗೌನು ಹೊಲಿಸಲು ಓಡಬೇಕಿಲ್ಲ. ಆಯಾ ದೇಶದ ಸಾಂಪ್ರದಾಯಿಕ ಉಡುಪಿಗೂ ಅಲ್ಲಿ ಅಷ್ಟೇ ಮರ್ಯಾದೆ. ಜರಿಯಂಚಿನ ಮೈಸೂರು ರೇಷ್ಮೆ ಸೀರೆ, ಬಂದ್‌ಗಲಾ ಕೋಟು ಧಾರಾಳವಾಗಿ ಒಪ್ಪುತ್ತವೆ. ಹಿಂದಿನ ಕಾಲದ ಹಡಗುಗಳಲ್ಲಿ ಮೊದಲ ಮತ್ತು ಕೊನೆಯ ರಾತ್ರಿ ಈ ಕಟ್ಟುಪಾಡಿಗೆ ವಿನಾಯಿತಿ ಇರುತ್ತಿತ್ತು. ಟ್ರಂಕುಗಳನ್ನು ಇನ್ನೂ ಬಿಚ್ಚಿರುತ್ತಿರಲಿಲ್ಲ, ಇಲ್ಲವೇ ಆಗಲೇ ಕಟ್ಟಿಟ್ಟಾಗಿರುತ್ತಿತ್ತು. ಈಗ ‘ಕ್ವೀನ್ ಮೇರಿ 2’ರಲ್ಲಿ ಸಿಂಗಾರ ಬೇಡವೆನ್ನುವವರು ಕಿಂಗ್ಸ್ ಕೋರ್ಟ್ ಬಫೆಯಲ್ಲಿ ಉಣ್ಣಬಹುದು. ನಿಮ್ಮ ಯಾನದಲ್ಲಿ ಗಾಲಾ ರಾತ್ರಿಗಳು ಎಷ್ಟೆಂದು ಮೊದಲೇ ಕೇಳಿಕೊಂಡು ಪೆಟ್ಟಿಗೆ ಕಟ್ಟಿ.